ಮಕ್ಕಳೊಡನೆ ಮಾತನಾಡಲು ಹದವಾದ ಕಾಲ



ತೊಗರಿ ಬಿತ್ತುವವನು ಮಳೆ ಬಿದ್ದು ನೆಲ ಹದವಾಗುವವರೆಗೆ ಕಾಯುತ್ತಾನೆ. ಹದ ಬಂದ ಮೇಲೆ ಒಂದು ದಿನವೂ ತಡಮಾಡುವುದಿಲ್ಲ. ಮಕ್ಕಳಿಗೆ ತಿಳಿವಳಿಕೆ ಹೇಳುವುದಕ್ಕೂ ಇಂಥದೇ ಒಂದು ಹದವುಂಟು. ಎಚ್.ಐ.ವಿ. ಸೋಂಕಿನಿಂದ ಮಕ್ಕಳನ್ನು ಕಾಪಾಡಲು ತಾಯಿತಂದೆಗಳು ಯಾವಾಗ, ಏನನ್ನು, ಹೇಗೆ ಹೇಳಬೇಕು ಎಂಬುದೇ ಈ ಸಲದ ಪಾಠ.

ಮೊದಲು ರೋಗದ ಪರಿಚಯ

ಎಚ್.ಐ.ವಿ. ಎಂಬುದು ರೋಗಗಳನ್ನು ತಡೆಯುವ ದೇಹದ ಶಕ್ತಿಯನ್ನು ಕುಂದಿಸುವ ವೈರಾಣು. ಚಿಕಿತ್ಸೆಯಿಲ್ಲದೆ ಅದು ಬಲಿತರೆ ಬರುವ ಸ್ಥಿತಿಯೇ ಏಡ್ಸ್. ಭಾರತದಲ್ಲಿ ಇದು 1986ರಲ್ಲಿ ಮದ್ರಾಸಿನಲ್ಲಿ, ಎಂದರೆ ಇಂದಿನ ಚೆನ್ನೈಯಲ್ಲಿ, ಮೊದಲು ಪತ್ತೆಯಾಯಿತು. ಸೋಂಕುಳ್ಳವರೊಡನೆ ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಒಬ್ಬರು ಬಳಸಿದ ಸೂಜಿಯನ್ನು ಇನ್ನೊಬ್ಬರು ಬಳಸುವುದು, ಸೋಂಕುಳ್ಳ ತಾಯಿಯಿಂದ ಮಗುವಿಗೆ: ಇವೇ ಅದು ಹರಡುವ ದಾರಿಗಳು. ಜೊತೆಯಲ್ಲಿ ಉಣ್ಣುವುದರಿಂದಾಗಲಿ, ಕೈ ಮುಟ್ಟುವುದರಿಂದಾಗಲಿ, ಸೊಳ್ಳೆ ಕಚ್ಚುವುದರಿಂದಾಗಲಿ ಹರಡುವುದಿಲ್ಲ.

ಹದ ಯಾವುದು?

ಹತ್ತು ಹನ್ನೆರಡರ ವಯಸ್ಸೇ ಈ ಹದ. ಆಗ ಮಕ್ಕಳು ದೊಡ್ಡವರಾಗತೊಡಗುತ್ತಾರೆ. ಆದರೂ ತಾಯಿತಂದೆಗಳ ಮಾತಿಗೆ ಕಿವಿಗೊಡುತ್ತಾರೆ. ಹತ್ತನೆಯ ತರಗತಿ ಮುಗಿದ ಮೇಲೆ ಔರಾದ, ಭಾಲ್ಕಿ ಕಡೆಯ ಎಷ್ಟೋ ಮಕ್ಕಳು ಕಾಲೇಜಿಗೆಂದು ಬೀದರಿಗೆ ಹೋಗಿ ಹಾಸ್ಟೆಲಿನಲ್ಲಿ ಇರುತ್ತಾರೆ. ಕೆಲವರು ದುಡಿಮೆಗೆಂದು ಹೈದರಾಬಾದು, ಪುಣೆ ಸೇರುತ್ತಾರೆ. ಅಲ್ಲಿ ನಾವು ಬಳಿಯಿರುವುದಿಲ್ಲ. ನಾವು ಹೇಳಿದ ಮಾತಷ್ಟೇ ಜೊತೆಗಿರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಶಾಲೆಯಲ್ಲಿ ಹೇಳಿಕೊಡುತ್ತಾರೆಂದು ಸುಮ್ಮನಿರುವುದೂ ಸರಿಯಲ್ಲ. ಹದಿಹರೆಯದ ಶಿಕ್ಷಣದ ಪಾಠಗಳಿಗೆ 2007ರಲ್ಲಿ ವಿರೋಧವೆದ್ದಾಗ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಅವು ನಿಂತುಹೋದವು. ಶಾಲೆಯ ಪಾಠ ನಿಲ್ಲಬಹುದು. ಮನೆಯ ಪಾಠ ನಿಲ್ಲಬಾರದು.

ಹೇಳಿದರೆ ಕೆಡುವರೇ?

ಇಂಥ ಮಾತಾಡಿದರೆ ಮಕ್ಕಳು ಕೆಡುತ್ತಾರೆಂದು ಹಲವರು ಅಂಜುತ್ತಾರೆ. ಈ ಅಂಜಿಕೆಗೆ ಆಧಾರವಿಲ್ಲ. ಸರಿಯಾದ ತಿಳಿವಳಿಕೆ ಕೊಟ್ಟುದರಿಂದ ಮಕ್ಕಳು ಬೇಗನೆ ದಾರಿ ತಪ್ಪುವುದಿಲ್ಲವೆಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ಆಫ್ರಿಕಾ ಖಂಡದ ಕೀನ್ಯಾ ದೇಶದಲ್ಲಿ ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳ ತಾಯಿತಂದೆಗಳನ್ನು ವಾರಕ್ಕೊಮ್ಮೆ ಕೂಡಿಸಿ, ಇಂಥ ವಿಷಯವನ್ನು ಮಕ್ಕಳೊಡನೆ ಮಾತಾಡುವ ಬಗೆಯನ್ನು ಕಲಿಸಿದರು. ಅದು ಉಪಯುಕ್ತವೆಂದು ಕಂಡು ಆ ಖಂಡದ ಬೇರೆ ದೇಶಗಳೂ ಅದನ್ನು ಕೈಗೊಂಡವು.

ಒಂದು ಉದಾಹರಣೆ

ಹನ್ನೊಂದು ವರ್ಷದ ಹುಡುಗ ಶಾಲೆಯಿಂದ ಬಂದು, "ಅವ್ವಾ, ಏಡ್ಸ್ ಅಂದ್ರ ಏನು? ಸಾಲ್ಯಾಗ ಹುಡುಗ್ರು ಮಾತಾಡತಿದ್ರು" ಎನ್ನುತ್ತಾನೆ. "ಸುಮ್ನ ಕೂಡು" ಎಂದು ಗದರಿದರೆ ಮಾತು ಅಲ್ಲಿಗೇ ಮುಗಿಯಿತು. ಮುಂದೆ ಅವನು ಫೋನಿನಲ್ಲೋ ಪುಂಡರ ಬಾಯಲ್ಲೋ ಅರೆಬರೆ ಕಲಿಯುತ್ತಾನೆ. ಅದರ ಬದಲು ತಾಯಿ, "ಛಲೋ ಕೇಳಿದಿ ಮಗಾ. ಅದೊಂದು ರೋಗ. ಹೆಂಗ ಬರ್ತದ, ಹೆಂಗ ತಪ್ಪಿಸಬೇಕು, ಹೇಳ್ತೀನಿ ಕೂಡು" ಎಂದರೆ, ನಾಳೆಯೂ ಅವನು ಅವಳನ್ನೇ ಕೇಳುತ್ತಾನೆ.

ಕೇಳಿದ್ದಕ್ಕೆ ಏಟು ತಿಂದ ಮಗು, ತನಗೆ ಯಾರಿಂದಲಾದರೂ ಕೇಡಾದಾಗಲೂ ಬಾಯಿ ಬಿಡುವುದಿಲ್ಲ. ಅತ್ಯಾಚಾರದಂಥ ಅಪಾಯ ನಡೆದಾಗ ಸೋಂಕು ತಗಲದಂತೆ ತಡೆಯುವ ಔಷಧವಿದೆ. ಆದರೆ ಅದನ್ನು 72 ಗಂಟೆಗಳೊಳಗೆ, ಬೇಗನಾದಷ್ಟೂ ಒಳ್ಳೆಯದು, ಆರಂಭಿಸಬೇಕು. ಮಗು ಅಂದೇ ಬಂದು ಹೇಳಿದರೆ ಉಳಿವುಂಟು. ಅಂಜಿ ನಾಲ್ಕು ದಿನ ಮುಚ್ಚಿಟ್ಟರೆ ಆ ಸಮಯ ಕೈತಪ್ಪುತ್ತದೆ.

ತಾಯಿತಂದೆಗಳು ಮಾಡಬೇಕಾದುದು

1. ಒಂದೇ ದಿನ ಉಪನ್ಯಾಸ ಮಾಡಬೇಡಿ. ಕಳೆ ತೆಗೆಯುವಾಗ, ರೊಟ್ಟಿ ಬಡಿಯುವಾಗ ಸ್ವಲ್ಪ ಸ್ವಲ್ಪವಾಗಿ ಹೇಳಿರಿ.

2. ಹೆಣ್ಣುಮಕ್ಕಳಿಗೆ ಮಾತ್ರ ಕಟ್ಟುಪಾಡು ಹಾಕಿ ಗಂಡುಮಕ್ಕಳನ್ನು ಬಿಟ್ಟುಬಿಡಬೇಡಿ. ಇನ್ನೊಬ್ಬರ ಮೈ ಮುಟ್ಟುವ ಮುನ್ನ ಅವರ ಒಪ್ಪಿಗೆ ಬೇಕೆಂಬುದನ್ನು ಗಂಡುಮಕ್ಕಳಿಗೆ ತಂದೆಯೇ ತಿಳಿಸಲಿ.

3. ಕುಡಿತದ ಅಮಲಿನಲ್ಲಿ ವಿವೇಕ ಹೋಗುತ್ತದೆ. ಜಾತ್ರೆಗೆ, ಊರಿಗೆ ಹೊರಟ ಹುಡುಗನಿಗೆ ಇದನ್ನು ಹೇಳಿ ಕಳಿಸಿರಿ.

4. ವಯಸ್ಸು ಬಂದ ಮಕ್ಕಳಿಗೆ ನಿರೋಧ್ ಬಳಕೆಯ ವಿಷಯವನ್ನೂ ಮುಚ್ಚಿಡಬೇಡಿ. ನಾಚಿಕೆಯಾದರೆ ಆಶಾ ಕಾರ್ಯಕರ್ತೆಯ ನೆರವು ಕೇಳಿರಿ.

5. ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಬೇಡಿ. ಹದಿನೆಂಟು ತುಂಬುವ ಮೊದಲು ಮದುವೆ ಮಾಡುವುದು ಕಾನೂನಿಗೆ ವಿರುದ್ಧ. ಮದುವೆಯೇ ಸೋಂಕಿಗೆ ರಕ್ಷಣೆಯೂ ಅಲ್ಲ.

6. ಸೋಂಕುಳ್ಳವರನ್ನು ಮಕ್ಕಳೆದುರು ಹೀನಾಯವಾಗಿ ಆಡಬೇಡಿ. 2017ರ ಕಾನೂನು ಅವರ ವಿರುದ್ಧ ಭೇದವೆಣಿಸುವುದನ್ನು ನಿಷೇಧಿಸಿದೆ.

ಸಂದೇಹ ಬಂದಾಗ

ಬೀದರಿನ ಜಿಲ್ಲಾ ಆಸ್ಪತ್ರೆಯಲ್ಲೂ ಭಾಲ್ಕಿ, ಔರಾದಿನ ಸರ್ಕಾರಿ ಆಸ್ಪತ್ರೆಗಳಲ್ಲೂ ವಿಚಾರಿಸಿರಿ. ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆಯೂ ಸಲಹೆಯೂ ಪುಕ್ಕಟೆ, ವಿಷಯವನ್ನು ಗುಟ್ಟಾಗಿಡುತ್ತಾರೆ. ಸಹಾಯವಾಣಿ 1097; ಮಕ್ಕಳಿಗೆ ಕೇಡಾದಾಗ 1098. 2004ರಿಂದ ಸರ್ಕಾರ ಔಷಧವನ್ನು ಪುಕ್ಕಟೆಯಾಗಿ ಕೊಡುತ್ತಿದೆ. ರೋಗ ಪೂರ್ತಿ ವಾಸಿಯಾಗದಿದ್ದರೂ, ತಪ್ಪದೆ ಔಷಧ ತೆಗೆದುಕೊಳ್ಳುವವರು ದುಡಿದು ಬಹುಕಾಲ ಬಾಳುತ್ತಾರೆ.

ಕಟ್ಟೆಯಲ್ಲಿ ಕೂಡಿದಾಗ ಚರ್ಚಿಸಿರಿ

1. ನಿಮ್ಮ ಮಗು ಇಂಥ ಪ್ರಶ್ನೆಯನ್ನು ಎಂದಾದರೂ ಕೇಳಿತ್ತೇ? ನೀವು ಏನೆಂದಿರಿ?

2. ನಿಮ್ಮ ಮಗುವಿಗೆ ಕೇಡಾದರೆ ಅದು ಮೊದಲು ಯಾರ ಬಳಿಗೆ ಓಡಿಬರುತ್ತದೆ? ನಿಮ್ಮ ಬಳಿಗೇ ಬರುವಂತೆ ಮಾಡಲು ಈ ವಾರ ಏನು ಮಾಡುವಿರಿ?