ಹೂಜಿಯ ಹೊರಮೈಯಲ್ಲಿ ಆರ್ಕಿಡ್ ಬೆಳೆಸಿ

ಕುಂಡದ ಆರ್ಕಿಡ್ ಹಲವು ಬಾರಿ ಸಾಯುವುದು ನೀರಿಲ್ಲದೆ ಅಲ್ಲ, ನೀರು ನಿಂತು ಬೇರು ಕೊಳೆತು. ಡೆಂಡ್ರೋಬಿಯಂ, ಸೀತಾಳೆ ದಂಡೆಯಂಥ ಆರ್ಕಿಡ್‌ಗಳು ಮರದ ಕೊಂಬೆಯನ್ನು ಅಪ್ಪಿ ಬೆಳೆಯುತ್ತವೆ. ಬಂದಳಿಕೆಯಂತೆ ಮರದ ರಸ ಹೀರದೆ, ಮಳೆ-ಮಂಜಿನ ತೇವವನ್ನೇ ನಂಬಿರುತ್ತವೆ. ಅವುಗಳ ಬೇರಿಗೆ ತೇವವೂ ಗಾಳಿಯೂ ಒಟ್ಟಿಗೆ ಬೇಕು. ನೀರು ತುಂಬಿದ ಮಣ್ಣಿನ ಹೂಜಿಯ ಹೊರಮೈ ಎರಡನ್ನೂ ಕೊಡುತ್ತದೆ. ಒಸರಿದ ನೀರು ಆವಿಯಾಗುವಾಗ ಸುತ್ತ ತಂಪೂ ಉಳಿಯುತ್ತದೆ. ಬಯಲುಸೀಮೆಯ ಒಣಹವೆಯಲ್ಲಿ ಈ ವಿಧಾನ ಹೆಚ್ಚು ಉಪಯುಕ್ತ.

ಹೂಜಿಯ ಆಯ್ಕೆ
ಬಣ್ಣ, ಮೆರುಗು ಬಳಿಯದ ಹೂಜಿಯೇ ಆಗಬೇಕು. ನೀರು ತುಂಬಿ ಒಂದು ದಿನ ಬಿಡಿ. ಹೊರಮೈ ತಣ್ಣಗೆ ತೇವವಾದರೆ ಒಳ್ಳೆಯದು. ನೀರು ಧಾರೆಯಾಗಿ ಸೋರಿದರೆ, ಅಥವಾ ಮೈ ಒಣಗಿಯೇ ಇದ್ದರೆ ಬೇಡ.

ಕಟ್ಟುವ ಕ್ರಮ
ಹೊಸ ಬೇರು ಮೂಡುವ ಹೊತ್ತು ನಾಟಿಗೆ ಸೂಕ್ತ. ಕೊಳೆತ ಬೇರು ಕತ್ತರಿಸಿ, ತೆಂಗಿನ ನಾರಿನ ತೆಳು ಪದರದ ಮೇಲೆ ಗಿಡವಿಟ್ಟು, ಹೂಜಿಯ ಮೇಲ್ಭಾಗಕ್ಕೆ ಹತ್ತಿಯ ದಾರದಿಂದ ಅಲುಗದಂತೆ ಕಟ್ಟಿ. ಬೇರುಗಳು ಕೆಳಮುಖವಾಗಿ ಹರಡಿ ತಾವೇ ಹೂಜಿಗೆ ಅಂಟಿಕೊಳ್ಳುತ್ತವೆ. ಅಲ್ಲಿಯವರೆಗೆ ಬೆಳಿಗ್ಗೆ ಬೇರಿಗೆ ನೀರು ಚಿಮುಕಿಸಿ. ಡೆಂಡ್ರೋಬಿಯಂಗೆ ಶೇ. 50ರ ನೆರಳುಬಲೆ ಸಾಕು.

ನೀರು, ಗೊಬ್ಬರ
ಮಳೆನೀರು ಶ್ರೇಷ್ಠ. ಗಡಸು ಬೋರ್‌ವೆಲ್ ನೀರಿನ ಲವಣ ಹೂಜಿಯ ಮೈಮೇಲೆ ಬಿಳಿ ಪದರ ಕಟ್ಟಿ ರಂಧ್ರ ಮುಚ್ಚುತ್ತದೆ, ಬೇರಿನ ತುದಿಯನ್ನೂ ಸುಡುತ್ತದೆ. ಅದೇ ಕಾರಣಕ್ಕೆ ಗೊಬ್ಬರವನ್ನು ಹೂಜಿಯೊಳಗೆ ಹಾಕಲೇಬಾರದು. 19:19:19 ರಸಗೊಬ್ಬರವನ್ನು ಲೀಟರಿಗೆ 1 ಗ್ರಾಂನಂತೆ ಕರಗಿಸಿ, ಬೆಳವಣಿಗೆಯ ಕಾಲದಲ್ಲಿ 15 ದಿನಕ್ಕೊಮ್ಮೆ ಎಲೆ, ಬೇರುಗಳಿಗೆ ಸಿಂಪಡಿಸಿ. ಸೊಳ್ಳೆ ಮೊಟ್ಟೆಯಿಡದಂತೆ ಹೂಜಿಯ ಬಾಯಿಯನ್ನು ಬಿಗಿಯಾಗಿ ಮುಚ್ಚಿಡಿ.

ಕಾಲಕ್ಕೆ ತಕ್ಕ ಆರೈಕೆ
ಬೇಸಿಗೆಯಲ್ಲಿ ಹೂಜಿ ಸದಾ ತುಂಬಿರಲಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಖಾಲಿ ಮಾಡಿ, ಗಾಳಿಯಾಡುವ ಸೂರಿನಡಿ ಇಡಿ. ಬೇರು ಹಸಿರಾಗಿದ್ದರೆ ತೇವವಿದೆ, ಬೆಳ್ಳಗಾದರೆ ಒಣಗಿದೆ, ಕಂದಾಗಿ ಮೆತ್ತಗಾದರೆ ಕೊಳೆಯುತ್ತಿದೆ. ಚಳಿಗಾಲದಲ್ಲಿ ಎಲೆ ಉದುರಿಸಿ ವಿಶ್ರಮಿಸುವ ಜಾತಿಗಳಿಗೆ ಆಗ ನೀರು ತುಂಬಬೇಡಿ. ಬಸವನಹುಳುಗಳನ್ನು ಸಂಜೆ ಹುಡುಕಿ ತೆಗೆಯಿರಿ. ಎಳೆ ಬೇರಿನ ತುದಿ ಅವುಗಳಿಗೆ ಬಲು ಇಷ್ಟ.

ಗಿಡ ಎಲ್ಲಿಂದ ತರಬೇಕು?
ಅಂಗಾಂಶ ಕೃಷಿಯಲ್ಲಿ ಬೆಳೆಸಿದ ಸಸಿಗಳನ್ನು ನರ್ಸರಿಯಿಂದ ಕೊಳ್ಳಿ. ಕಾಡಿನ ಸೀತಾಳೆ ದಂಡೆಯನ್ನು ಕಿತ್ತು ತರಬೇಡಿ. ಹೂ ಬಿಡುವಷ್ಟು ದೊಡ್ಡದಾಗಲು ಅದಕ್ಕೆ ವರ್ಷಗಳೇ ಬೇಕು, ಕಿತ್ತ ಜಾಗದಲ್ಲಿ ಮತ್ತೊಂದು ಸುಲಭವಾಗಿ ಹುಟ್ಟುವುದಿಲ್ಲ. ಮೊದಲು ಎರಡು ಮೂರು ಹೂಜಿಗಳಲ್ಲಿ ಒಂದು ವರ್ಷ ಬೆಳೆಸಿ ನೋಡಿ, ನಿಮ್ಮೂರಿನ ಹವೆಗೆ ಒಗ್ಗಿದ ಜಾತಿಯನ್ನೇ ಹೆಚ್ಚಿಸಿಕೊಳ್ಳಿ.