ಬಯಲುಸೀಮೆಯನ್ನು ಬೆಟ್ಟದ ಮೇಲಿಂದ ನೋಡುವವರಿಗೆ

1. ಬೆಳಿಗ್ಗೆ ಊರು ನೋಡಿ, ಸಂಜೆ ನೀರು ನೋಡಿ. ದೇವರಾಯನದುರ್ಗದ ಯೋಗಾನರಸಿಂಹನ ಗುಡಿಯ ಹತ್ತಿರ ನಿಂತರೆ ತುಮಕೂರು ಪಡುವಣಕ್ಕಿದೆ. ಬೆಳಗಿನ ಬಿಸಿಲು ಬೆನ್ನಿಗೆ ಬೀಳುವುದರಿಂದ ಮನೆ, ರಸ್ತೆ, ತೆಂಗಿನ ತೋಟ ಬಿಡಿಬಿಡಿಯಾಗಿ ಕಾಣುತ್ತವೆ. ಸಂಜೆ ಅದೇ ದಿಕ್ಕು ಕಣ್ಣು ಕೋರೈಸುತ್ತದೆ. ಫೋಟೊ ಚೆನ್ನಾಗಿ ಬರುವುದಿಲ್ಲವೆಂದು ಬಹಳ ಮಂದಿ ಇಳಿದುಬಿಡುತ್ತಾರೆ. ಆದರೆ ಕೆರೆಗಳು ಹೊಳೆಯುವುದು ಆ ಹೊತ್ತಿನಲ್ಲೇ. ಈ ವರ್ಷ ಯಾವ ಕೆರೆಗೆ ನೀರು ಬಂದಿದೆ, ಯಾವುದರ ಅಂಗಳ ಬರಿದಾಗಿದೆ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ, ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಸೂರ್ಯಾಸ್ತಕ್ಕಿಂತ ನೋಡಬೇಕಾದದ್ದು ಅದು.

2. ಬಿದ್ದ ಮಳೆ ಎತ್ತ ಹೋಗುತ್ತದೆ ಎಂದು ತಿಳಿದು ಹತ್ತಿದರೆ ನೋಟವೇ ಬೇರೆ. ಇಲ್ಲಿ ಹುಟ್ಟುವ ಜಯಮಂಗಲಿ ಬಡಗಣಕ್ಕೆ ಕೊರಟಗೆರೆ, ಮಧುಗಿರಿ ಸೀಮೆ ಹಾದು ಉತ್ತರ ಪಿನಾಕಿನಿ ಸೇರುತ್ತದೆ. ಇದೇ ಬೆಟ್ಟಸಾಲಿನ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ದಾಟಿ ಕಾವೇರಿಗೆ ಹೋಗುತ್ತದೆ. ಬಿಡುವಿದ್ದರೆ ಮಾರನೇ ದಿನ ಮಾರ್ಕೋನಹಳ್ಳಿಗೂ ಹೋಗಿಬನ್ನಿ. ಅಲ್ಲಿನ ಸೈಫನ್‌ಗಳು ನೀರು ಮಟ್ಟ ಮುಟ್ಟಿದೊಡನೆ ತಾವಾಗಿಯೇ ಹರಿಯತೊಡಗುತ್ತವೆ, ಗೇಟು ಎತ್ತುವವರು ಬೇಕಿಲ್ಲ. ಕೋಡಿ ಬಿದ್ದಾಗ ಸುತ್ತಲ ಊರೆಲ್ಲ ಅಲ್ಲೇ ಇರುತ್ತದೆ.

3. ಮಾರ್ಚ್, ಏಪ್ರಿಲ್‌ನಲ್ಲಿ ದೂರವೆಲ್ಲ ಧೂಳುಮಬ್ಬು. ಸ್ವಾತಿ ಮಳೆ ಮುಗಿದ ಮೇಲೆ ಗಾಳಿ ತೊಳೆದಂತಿದ್ದು, ತೆಂಕಣದ ಶಿವಗಂಗೆ ನಿಚ್ಚಳವಾಗಿ ಕಾಣುತ್ತದೆ. ಅಶ್ವಿನಿ, ಭರಣಿಯ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಬೋಳು ಬಂಡೆಯ ನೆತ್ತಿಯಲ್ಲಿ ಇರಬೇಡಿ. ಮೊದಲ ಗುಡುಗು ಕೇಳಿದರೆ ಇಳಿಯಿರಿ, ಮಳೆ ಬರಲೆಂದು ಕಾಯಬೇಡಿ.

4. ಕುಣಿಗಲ್ ಕಡೆಯ ಹುತ್ರಿದುರ್ಗಕ್ಕೆ ನಸುಕಿನಲ್ಲೇ ಹೊರಡಿ. ಬಿಸಿಲೇರಿದ ಮೇಲೆ ಬಂಡೆ ಕಾದ ಹೆಂಚು. ತಲೆಗೆ ಎರಡು ಲೀಟರ್ ನೀರು ಕೆಳಗಿನಿಂದಲೇ ಹೊತ್ತೊಯ್ಯಿರಿ. ಹತ್ತುವಾಗ ನಡೆಯುವ ಹಳೇ ಚಪ್ಪಲಿ ಇಳಿಯುವಾಗ ಜಾರುತ್ತದೆ. ಶಂಕರೇಶ್ವರ ಗುಡಿಯ ಬಳಿ ನಿಂತು ಮೂಡಣಕ್ಕೆ ಸಾವನದುರ್ಗ, ತೆಂಕಣ-ಪಡುವಣಕ್ಕೆ ಹುಲಿಯೂರುದುರ್ಗ ಗುರುತಿಸಿ. ಕೆಂಪೇಗೌಡರ ಕಾಲದ ಕೋಟೆ ಇಲ್ಲೇ ಏಕೆ ಎದ್ದಿತು, 1791-92ರಲ್ಲಿ ಕಾರ್ನ್‌ವಾಲಿಸನ ಸೇನೆಗೆ ಈ ಗುಡ್ಡ ಏಕೆ ಬೇಕಾಯಿತು ಎಂಬುದನ್ನು ಯಾವ ಫಲಕವೂ ಇಷ್ಟು ಚೆನ್ನಾಗಿ ಹೇಳಲಾರದು.

5. ಕೋತಿಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದು ಸಾಕು. ತಿಂಡಿ ಬಟ್ಟೆಯ ಬ್ಯಾಗಿನೊಳಗಿರಲಿ.

6. ದೇವರಾಯನದುರ್ಗದ ಕಾಡಿನಲ್ಲಿ ಕರಡಿ, ಚಿರತೆಗಳಿವೆ. ಕೆರೆ ನೋಡಿದ್ದಾಯಿತೆಂದರೆ ತಡಮಾಡದೆ ಗಾಡಿ ಹತ್ತಿ. ಕತ್ತಲಾಗುವುದರೊಳಗೆ ನಾಮದ ಚಿಲುಮೆ ದಾಟಿರಬೇಕು.