ಎರಡೂವರೆ ಗುಂಟೆ ಬೀಳು

ಇಂಗ್ಲೆಂಡಿನಲ್ಲಿ ಹಿತ್ತಲಿಲ್ಲದವರಿಗೆ, ಇದ್ದರೂ ಸಾಲದವರಿಗೆ, ತರಕಾರಿ ಬೆಳೆದುಕೊಳ್ಳಲು ಕೌನ್ಸಿಲ್‌ನವರು ವರ್ಷದ ಬಾಡಿಗೆಗೆ ಒಂದು ತುಂಡು ನೆಲ ಕೊಡುತ್ತಾರೆ. ಇದಕ್ಕೆ ಅಲಾಟ್‌ಮೆಂಟ್ ಎನ್ನುತ್ತಾರೆ. ಜನ ಕೇಳಿದರೆ ಇಂಥ ನೆಲ ಒದಗಿಸಬೇಕೆಂಬ ಹೊಣೆಯನ್ನು 1908ರ ಕಾನೂನು ಕೌನ್ಸಿಲ್‌ಗಳ ಮೇಲೆ ಹೊರಿಸಿತು. ಎರಡನೇ ಮಹಾಯುದ್ಧದ ಹೊತ್ತಿಗೆ, ಹಡಗಿನಲ್ಲಿ ಬರುವ ಆಹಾರ ನಿಂತುಹೋಗುವ ಭಯದಲ್ಲಿ, ಇಂಥ ಪ್ಲಾಟುಗಳು ಸುಮಾರು 14 ಲಕ್ಷಕ್ಕೆ ಏರಿದ್ದವು. ಆಮೇಲೆ ಬಹುಪಾಲು ಹೋದವು. ಉಳಿದವಕ್ಕೆ ಈಗ ಅನೇಕ ಊರುಗಳಲ್ಲಿ ವರ್ಷಗಟ್ಟಲೆ ಕಾಯಬೇಕು. ನಾನೂ ಲೆಸ್ಟರ್‌ನಲ್ಲಿ ಹೆಸರು ಬರೆಸಿ ಕಾದೆ.

ಇಲ್ಲಿಯ ಅಳತೆ ಇನ್ನೂ ರಾಡ್‌ನಲ್ಲೇ ನಡೆಯುತ್ತದೆ. ಒಂದು ಎಕರೆಗೆ 160 ರಾಡ್. ನಮ್ಮಲ್ಲಿ ಎಕರೆಗೆ 40 ಗುಂಟೆ. ಅಲ್ಲಿಗೆ ನಾಲ್ಕು ರಾಡ್ ಸೇರಿದರೆ ಒಂದು ಗುಂಟೆ. ಪೂರ್ತಿ ಪ್ಲಾಟು ಎಂದರೆ 10 ರಾಡ್, ಸರಿಯಾಗಿ ಎರಡೂವರೆ ಗುಂಟೆ. ಹಾಸನದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವಳು ಸಂತೋಷಪಡುವ ಬದಲು ಲೆಕ್ಕ ಹಾಕಿದಳು. "ಎತ್ತಿಲ್ಲ, ಆಳಿಲ್ಲ. ಎರಡೂವರೆ ಗುಂಟೆ ಬೀಳು ಬಿದ್ದಿರೋ ನೆಲಾನ ಒಬ್ಬಳೇ ಗುದ್ದಲೀಲಿ ಅಗೀತೀಯೇನೆ? ಎಷ್ಟು ಮಾಡೋಕಾಗುತ್ತೋ ಅಷ್ಟು ಮಾತ್ರ ಬಿಚ್ಚು." ನಾನು ಆಮೇಲೆ ಓದಿದ, ಕೇಳಿದ, ಮಾಡಿದ ಎಲ್ಲವೂ ಕೊನೆಗೆ ಬಂದು ನಿಂತದ್ದು ಈ ಮಾತಿಗೇ. ಪಾಳುಬಿದ್ದ ಪ್ಲಾಟಿನ ಮೊದಲ ವರ್ಷದ ಕೆಲಸ ಎಂದರೆ ಎಷ್ಟನ್ನು ಬಿಚ್ಚಬೇಕು, ಎಷ್ಟನ್ನು ಮುಚ್ಚಿಡಬೇಕು ಎಂದು ತೀರ್ಮಾನಿಸುವುದು. ಬೆಳೆಯ ಮಾತು ಅದರ ನಂತರ.

ನೆಲ ಕೈಗೆ ಬಂದದ್ದು ಅಕ್ಟೋಬರಿನಲ್ಲಿ, ಅದು ಒಳ್ಳೆಯ ಕಾಲ. ಪ್ಲಾಟಿನ ಹಿಂದಿನ ಅರ್ಧ ಪೂರ್ತಿ ಎದೆಯೆತ್ತರದ ಮುಳ್ಳುಪೊದೆ, ಬ್ರ್ಯಾಂಬಲ್. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಇಂಥ ಪೊದೆಗಳಲ್ಲಿ ಹಕ್ಕಿಗಳು ಗೂಡು ಕಟ್ಟಿರುತ್ತವೆ. ಬಳಕೆಯಲ್ಲಿರುವ ಗೂಡನ್ನು ಕೆಡಿಸುವುದು 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆಯನ್ನು ಬಿಟ್ಟರೂ, ಮರಿಗಳಿರುವ ಪೊದೆಗೆ ಕತ್ತಿ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಶರತ್ಕಾಲದಲ್ಲಿ ಆ ಚಿಂತೆ ಇರುವುದಿಲ್ಲ. ಆದರೆ ಕಡಿದ ಮುಳ್ಳನ್ನು ಗುಡ್ಡೆ ಹಾಕಿ ವಾರಗಟ್ಟಲೆ ಬಿಟ್ಟು ಬೆಂಕಿ ಇಡಬಾರದು. ಚಳಿಗಾಲ ಕಳೆಯಲು ಹೆಡ್ಜ್‌ಹಾಗ್ ಎಂಬ ಪುಟ್ಟ ಮುಳ್ಳುಪ್ರಾಣಿ ಅದರೊಳಗೆ ಸೇರಿಕೊಂಡಿರುತ್ತದೆ. ಬೆಂಕಿ ಇಡುವ ದಿನವೇ ಗುಡ್ಡೆಯನ್ನು ಬೇರೆ ಜಾಗಕ್ಕೆ ಎತ್ತಿಹಾಕಬೇಕು.

ಪಕ್ಕದ ಪ್ಲಾಟಿನವರು ಹಿರಿಯ ಸರ್ದಾರ್ಜಿ. ದಶಕಗಳಿಂದ ಅದೇ ನೆಲದಲ್ಲಿ ಮೆಂತ್ಯ, ಮೂಲಂಗಿ, ಬೆಳ್ಳುಳ್ಳಿ ಬೆಳೆಯುತ್ತಿರುವವರು. ನಾನು ಗುದ್ದಲಿ ಹಿಡಿದು ನಿಂತದ್ದನ್ನು ನೋಡಿ ಬೇಲಿಯ ಹತ್ತಿರ ಬಂದು, "ಬೇಟಿ, ಅಗೆಯೋ ಮುಂಚೆ ಕೇಳು" ಎಂದರು. ಹಿಂದಿನವರು ಯಾವ ಮೂಲೆಯಲ್ಲಿ ಏನು ಬೆಳೆಯುತ್ತಿದ್ದರು ಎಂದು ನಾನು ಕೇಳಿದೆ. ಅವರು ಕೈ ತೋರಿಸಿ ಹೇಳುತ್ತಾ ಹೋದರು. ನೀರಿನ ತೊಟ್ಟಿಯ ಕಡೆಗೆ ಎಲೆಕೋಸು ಹಾಕಬೇಡ, ಅಲ್ಲಿ ಬೇರು ಗಂಟುಗಟ್ಟುವ ರೋಗ ಇದೆ. ಶೆಡ್ಡಿನ ಮುಂದೆ ಈರುಳ್ಳಿ, ಬೆಳ್ಳುಳ್ಳಿ ಬೇಡ, ಬುಡದಲ್ಲಿ ಬಿಳಿ ಬೂಸ್ಟು ಬಂದು ಕೊಳೆಯುತ್ತದೆ. ಈ ಎರಡೂ ರೋಗಗಳು ಬೆಳೆ ಇಲ್ಲದಿದ್ದರೂ ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರುತ್ತವೆ. ಪಿಎಚ್ ಪರೀಕ್ಷೆಯ ಕಿಟ್ಟಿನಲ್ಲಿ ಇದು ಕಾಣುವುದಿಲ್ಲ. ಹೊಸ ಪ್ಲಾಟು ಸಿಕ್ಕವರು ಮಾಡಬೇಕಾದ ಮೊದಲ ಕೆಲಸ ಅಕ್ಕಪಕ್ಕದವರ ಜೊತೆ ಒಂದು ಲೋಟ ಚಹಾ ಕುಡಿಯುವುದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆ ಮಣ್ಣಿನ ಚರಿತ್ರೆ ಯಾವ ಪುಸ್ತಕದಲ್ಲೂ ಇಲ್ಲ, ಅವರ ತಲೆಯಲ್ಲಿದೆ.

ಪೊದೆ ಕಡಿದ ಮೇಲೆ ಕಸ ಹೊರಬಿತ್ತು. ಒಡೆದ ಗಾಜು, ತುಕ್ಕು ಹಿಡಿದ ಮೊಳೆ, ಕೊಳೆತ ಕಾರ್ಪೆಟ್. ಕಳೆ ಅಡಗಿಸಲು ಹಳೆ ಕಾರ್ಪೆಟ್ ಹಾಸುವ ರೂಢಿ ಹಿಂದೆ ಇತ್ತು. ಅದರ ಬಣ್ಣ, ಪ್ಲಾಸ್ಟಿಕ್ ನಾರು ಮಣ್ಣಿಗೆ ಸೇರುವುದರಿಂದ ಈಗ ಎಷ್ಟೋ ಕಡೆ ನಿಷೇಧಿಸಿದ್ದಾರೆ. ದಪ್ಪ ಕೈಗವಸು ಬೇಕೇಬೇಕು. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತು ಎಂದೂ ನೋಡಿಕೊಳ್ಳಬೇಕು. ಹಳೆಯ ಶೆಡ್ಡಿನ ಬೂದು ಬಣ್ಣದ ಸುಕ್ಕುಶೀಟು ಸಿಕ್ಕರೆ ಮುಟ್ಟದೆ, ಮುರಿಯದೆ ಕೌನ್ಸಿಲ್‌ಗೆ ತಿಳಿಸುವುದು ಒಳ್ಳೆಯದು. ಬ್ರಿಟನ್ನಿನಲ್ಲಿ ಆಸ್ಬೆಸ್ಟಾಸ್ ಪೂರ್ತಿ ನಿಷೇಧವಾದದ್ದು 1999ರಲ್ಲಿ. ಅದಕ್ಕೂ ಹಿಂದಿನ ಶೆಡ್ಡುಗಳು ಇನ್ನೂ ಬೇಕಾದಷ್ಟಿವೆ.

ಇನ್ನು ಬೇರುಗಳ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹೊಸಬರು ಸೋತು ಪ್ಲಾಟು ಬಿಟ್ಟುಹೋಗುವುದು ಇಲ್ಲಿಯೇ.

ಕಳೆ ಎಂದು ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆದರೆ ಕೆಲಸ ಕೆಡುತ್ತದೆ. ಕೌಚ್ ಹುಲ್ಲು ನಮ್ಮ ಗರಿಕೆಯ ಸ್ವಭಾವದ್ದು. ನೆಲದೊಳಗೆ ಬಿಳಿಯ ಬಳ್ಳಿಯಂಥ ಕಾಂಡ ಓಡುತ್ತದೆ, ಅದರ ತುದಿ ಸೂಜಿಯ ಹಾಗೆ ಚೂಪು. ಒಂದೊಂದು ಗೆಣ್ಣಿನಲ್ಲೂ ಚಿಗುರುವ ಶಕ್ತಿ ಇದೆ. ಆದರೆ ಅದು ಹೆಚ್ಚು ಆಳಕ್ಕೆ ಇಳಿಯುವುದಿಲ್ಲ, ಬಹುಪಾಲು ಮೇಲಿನ ಅರ್ಧ ಅಡಿಯಲ್ಲೇ ಇರುತ್ತದೆ. ಹಾಗಾಗಿ ಫೋರ್ಕಿನಿಂದ ಮಣ್ಣನ್ನು ಮೆಲ್ಲಗೆ ಎತ್ತಿ ಸಡಿಲಿಸಿ, ಬಳ್ಳಿಯನ್ನು ತುಂಡಾಗದಂತೆ ಎಳೆದರೆ ಗಜಗಟ್ಟಲೆ ಒಟ್ಟಿಗೇ ಬರುತ್ತದೆ. ಡಾಕ್ ಗಿಡದ್ದು ದಪ್ಪ ಹಳದಿ ತಾಯಿಬೇರು. ಅದು ಮತ್ತೆ ಚಿಗುರುವುದು ಬೇರಿನ ಮೇಲ್ಭಾಗದಿಂದ ಮಾತ್ರ; ತಲೆಯಿಂದ ಐದಾರು ಅಂಗುಲ ಕತ್ತರಿಸಿ ತೆಗೆದರೆ ಕೆಳಗೆ ಉಳಿದದ್ದು ಕೊಳೆತುಹೋಗುತ್ತದೆ. ಬ್ರ್ಯಾಂಬಲ್‌ನ ಬುಡದಲ್ಲಿ ಮುಷ್ಟಿ ಗಾತ್ರದ ಗಂಟಿರುತ್ತದೆ. ಪಿಕಾಸಿಯಿಂದ ಆ ಗಂಟನ್ನು ಕಿತ್ತರೆ ಮುಗಿಯಿತು, ಸುತ್ತಲ ಬೇರನ್ನೆಲ್ಲ ಹುಡುಕಿಕೊಂಡು ಹೋಗಬೇಕಾಗಿಲ್ಲ. ತುರಿಕೆಗಿಡ, ಅಂದರೆ ನೆಟಲ್, ದಟ್ಟವಾಗಿ ಬೆಳೆದಿದ್ದರೆ ಅದು ಶುಭ ಸುದ್ದಿ: ಅಲ್ಲಿ ಮಣ್ಣಿಗೆ ಸಾರವಿದೆ.

ಬೈಂಡ್‌ವೀಡ್ ಮಾತ್ರ ಬೇರೆಯೇ. ಒಂದು ಬೆಳಿಗ್ಗೆ ಅದರ ಒಂದು ಬೇರನ್ನು ಹಿಡಿದು ಕೊನೆ ನೋಡುತ್ತೇನೆಂದು ಕುಳಿತೆ. ಬೆಳ್ಳಗೆ, ತುಸು ತಿರುಚಿಕೊಂಡು, ದಪ್ಪ ದಾರದಷ್ಟಿತ್ತು. ಮುರಿದರೆ ಹಾಲು ಒಸರುತ್ತಿತ್ತು. ಮಣ್ಣನ್ನು ಬೆರಳಿನಿಂದ ಬಿಡಿಸುತ್ತಾ ಹೋದೆ. ಅದು ಕೆಳಗಿಳಿದು, ಇಟ್ಟಿಗೆ ಚೂರೊಂದನ್ನು ಸುತ್ತಿ, ಅಡ್ಡ ತಿರುಗಿ, ಕಾಲುದಾರಿಯ ಅಡಿಗೆ ನುಸುಳಿ, ಪಕ್ಕದ ಪ್ಲಾಟಿನ ಕಡೆ ಹೊರಟಿತ್ತು. ಮೊಣಕೈವರೆಗೆ ಕೈ ಇಳಿಸಿದರೂ ಕೊನೆ ಸಿಗಲಿಲ್ಲ. ಎಳೆದಾಗ ಪಟ್ಟೆಂದು ತುಂಡಾಯಿತು. ಈ ಬೇರು ಆಳುದ್ದಕ್ಕಿಂತಲೂ ಕೆಳಗೆ ಇಳಿಯಬಲ್ಲದು. ಒಂದೆರಡು ಅಂಗುಲದ ಚೂರು ಕೂಡ ಹೊಸ ಗಿಡವಾಗುತ್ತದೆ. ಇಂಥ ನೆಲಕ್ಕೆ ರೋಟವೇಟರ್ ಓಡಿಸಿದರೆ ಮಧ್ಯಾಹ್ನಕ್ಕೆ ನೆಲ ಹಸನಾಗಿ, ಕಣ್ಣಿಗೆ ಚೆಂದ ಕಾಣುತ್ತದೆ. ಬೇಸಿಗೆಗೆ ಪ್ರತಿಯೊಂದು ಚೂರೂ ಚಿಗುರಿ ನಿಲ್ಲುತ್ತದೆ. ಬಾಡಿಗೆ ಯಂತ್ರ ತಂದು ಒಂದೇ ದಿನದಲ್ಲಿ ಕೆಲಸ ಮುಗಿಸುವ ಆಸೆ ಯಾರಿಗಾದರೂ ಇದ್ದರೆ, ಮೊದಲು ಒಂದು ಸನಿಕೆ ಮಣ್ಣು ಎತ್ತಿ, ಬಿಳಿ ಬೇರು ಇದೆಯೇ ನೋಡಿ ಎಂದು ಕೈಮುಗಿದು ಹೇಳುತ್ತೇನೆ.

ಹಾಗಾಗಿ ಬೈಂಡ್‌ವೀಡ್ ಇದ್ದ ಹಿಂದಿನ ಭಾಗವನ್ನು ನಾನು ಅಗೆಯಲೇ ಇಲ್ಲ. ಕತ್ತರಿಸಿ, ದಪ್ಪ ಕಪ್ಪು ಸೈಲೇಜ್ ಶೀಟು ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂತು, ಮೇಲೆ ಇಟ್ಟಿಗೆ ಹೇರಿದೆ. ಬೆಳಕಿಲ್ಲದೆ ಬೇರು ತನ್ನೊಳಗಿನ ದಾಸ್ತಾನನ್ನು ತಾನೇ ತಿಂದು ಮುಗಿಸಬೇಕು. ಹುಲ್ಲಿಗೆ ಒಂದು ಬೆಳೆಗಾಲ ಸಾಕು. ಬೈಂಡ್‌ವೀಡ್‌ಗೆ ಎರಡಾದರೂ ಬೇಕು, ಆಮೇಲೂ ಅಂಚಿನಲ್ಲಿ ತಲೆಯೆತ್ತಿದ್ದನ್ನು ಕೀಳುತ್ತಲೇ ಇರಬೇಕು. ಶೀಟಿನ ಅಡಿಯಲ್ಲಿ ನೆಲ ಸುಮ್ಮನಿರುವುದಿಲ್ಲ. ಎರೆಹುಳುಗಳು ಸತ್ತ ಹುಲ್ಲನ್ನು ಒಳಗೆಳೆದುಕೊಳ್ಳುತ್ತವೆ. ವಸಂತದಲ್ಲಿ ಒಂದು ಮೂಲೆ ಎತ್ತಿ ನೋಡಿದಾಗ ತಾಮ್ರದ ಬಣ್ಣದ ಸ್ಲೋ ವರ್ಮ್ ಒಂದು ಸುರುಳಿ ಸುತ್ತಿಕೊಂಡಿತ್ತು. ಹಾವಿನಂತೆ ಕಂಡರೂ ಅದು ಕಾಲಿಲ್ಲದ ಹಲ್ಲಿ, ಗೊಂಡೆಹುಳು ತಿನ್ನುವ ನೆಂಟ. ಶೀಟನ್ನು ಹಾಗೆಯೇ ಇಳಿಸಿದೆ.

ಬಿಚ್ಚಿದ್ದು ಮುಂದಿನ ಭಾಗವನ್ನು, ಅದೂ ಮಡಿಯ ಲೆಕ್ಕದಲ್ಲಿ. ಒಂದು ಮಡಿ ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದ. ಎರಡೂ ಕಡೆಯಿಂದ ಕೈ ಚಾಚಿದರೆ ನಡು ಸಿಗುತ್ತದೆ, ಕಾಲಿಡಬೇಕಾಗಿಲ್ಲ. ಲೆಸ್ಟರ್‌ನ ನಮ್ಮ ಕಡೆಯದು ಜಿಗುಟು ಜೇಡಿಮಣ್ಣು. ಒದ್ದೆಯಿದ್ದಾಗ ತುಳಿದರೆ ಅದರೊಳಗಿನ ಗಾಳಿಯ ಸಂದುಗಳೆಲ್ಲ ಮುಚ್ಚಿ, ಒಣಗಿದ ಮೇಲೆ ಹೆಂಟೆಗಟ್ಟುತ್ತದೆ. ಬೂಟಿಗೆ ಮಣ್ಣು ಮೆತ್ತುವ ದಿನ ಮಡಿಯ ಕೆಲಸ ಬಿಟ್ಟು ಬೇರೆ ಕೆಲಸ ನೋಡಬೇಕು.

ಹುಲ್ಲು ಮಾತ್ರ ಇದ್ದ ಕಡೆ ಅಗೆಯದೆ ಮಡಿ ಮಾಡಿದೆ. ಸಾಮರ್‌ಸೆಟ್‌ನ ಚಾರ್ಲ್ಸ್ ಡೌಡಿಂಗ್ ದಶಕಗಳಿಂದ ಮಾಡಿ ತೋರಿಸುತ್ತಾ ಬಂದಿರುವ ಕ್ರಮ ಇದು. ಟೇಪು ಕಿತ್ತ ಕಂದು ರಟ್ಟನ್ನು ಒಂದರ ಮೇಲೊಂದು ಅಂಚು ಬರುವಂತೆ ಹಾಸಿ, ನೀರು ಚಿಮುಕಿಸಿ, ಮೇಲೆ ಕಾಂಪೋಸ್ಟ್ ಹರಡುವುದು. ನಾಲ್ಕು ಅಂಗುಲ ದಪ್ಪ ಹರಡಲು ಒಂದು ಮಡಿಗೆ ಸುಮಾರು 380 ಲೀಟರ್ ಬೇಕು. 50 ಲೀಟರಿನ ಎಂಟು ಚೀಲ. ಎರಡೂವರೆ ಗುಂಟೆಗೂ ಹೀಗೆ ಮಾಡಲು ಹೊರಟರೆ ಐನೂರಕ್ಕೂ ಹೆಚ್ಚು ಚೀಲ. ಅಮ್ಮ ಹೇಳಿದ ಲೆಕ್ಕ ಇಲ್ಲಿಯೂ ಸರಿಯಾಗಿಯೇ ಬಂತು. ಕೈಲಾಗುವಷ್ಟು ಮಡಿಗೆ ಒಳ್ಳೆಯದನ್ನು ಹಾಕಿ, ಉಳಿದದ್ದಕ್ಕೆ ಶೀಟು ಹೊದಿಸಿಟ್ಟೆ.

ಗೊಬ್ಬರದ ವಿಷಯದಲ್ಲಿ ಒಂದು ಎಚ್ಚರಿಕೆ. ಕುದುರೆ ಲಾಯದವರು ಲದ್ದಿಗೊಬ್ಬರವನ್ನು ಪುಕ್ಕಟೆ ಕೊಡುತ್ತಾರೆ. ಆದರೆ ಹುಲ್ಲುಗಾವಲಿಗೆ ಹೊಡೆಯುವ ಅಮೈನೋಪೈರಾಲಿಡ್ ಎಂಬ ಕಳೆನಾಶಕ ಹುಲ್ಲನ್ನು ಸಾಯಿಸುವುದಿಲ್ಲ. ಕುದುರೆಯ ಹೊಟ್ಟೆಯಲ್ಲೂ ಕರಗದೆ ಗೊಬ್ಬರದಲ್ಲಿ ಉಳಿಯುತ್ತದೆ. 2008ರಲ್ಲಿ ಈ ದೇಶದ ಎಷ್ಟೋ ಅಲಾಟ್‌ಮೆಂಟುಗಳಲ್ಲಿ ಆಲೂಗೆಡ್ಡೆ, ಟೊಮೆಟೊ, ಬೀನ್ಸ್ ಮುರುಟಿಹೋಗಿ, ಆ ಕಳೆನಾಶಕದ ಮಾರಾಟವನ್ನೇ ಕೆಲಕಾಲ ತಡೆಹಿಡಿದಿದ್ದರು. ಪರೀಕ್ಷೆ ಬಲು ಸುಲಭ. ಒಂದು ಕುಂಡದಲ್ಲಿ ಆ ಗೊಬ್ಬರ ಬೆರೆಸಿದ ಮಣ್ಣು, ಇನ್ನೊಂದರಲ್ಲಿ ಬೆರೆಸದ್ದು; ಎರಡರಲ್ಲೂ ಬ್ರಾಡ್ ಬೀನ್ಸ್ ಬೀಜ ಹಾಕಿ ಅಡುಗೆಮನೆಯ ಕಿಟಕಿಯಲ್ಲಿಡಿ. ಮೂರ್ನಾಲ್ಕು ವಾರದಲ್ಲಿ ಗೊಬ್ಬರದ ಕುಂಡದ ಎಳೆ ಎಲೆಗಳು ಒಳಕ್ಕೆ ಮಡಚಿ, ಸುರುಟಿ ಬಂದರೆ ಆ ರಾಶಿಯ ಹತ್ತಿರ ಸುಳಿಯಬೇಡಿ. ನನ್ನ ಕಿಟಕಿಯಲ್ಲಿ ಎರಡು ಗಿಡಗಳೂ ಒಂದೇ ಸಮ ನೆಟ್ಟಗೆ ನಿಂತವು, ಆಮೇಲೆಯೇ ಗಾಡಿ ತರಿಸಿದೆ.

ಮೊದಲ ವರ್ಷ ಆಲೂಗೆಡ್ಡೆ ಹಾಕಿ, ಅದು ನೆಲ ಶುದ್ಧ ಮಾಡುತ್ತದೆ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಶುದ್ಧ ಮಾಡುವುದು ಗೆಡ್ಡೆಯಲ್ಲ, ಮಣ್ಣೇರಿಸುವಾಗ, ಕೀಳುವಾಗ ನಾವು ಮಾಡುವ ಕೆಲಸ. ಅದೂ ಅಲ್ಲದೆ ಬಹುಕಾಲ ಹುಲ್ಲಿದ್ದ ನೆಲದಲ್ಲಿ ವೈರ್‌ವರ್ಮ್ ಎಂಬ ಹುಳು ಗೆಡ್ಡೆಗೆ ತೂತು ಕೊರೆಯುತ್ತದೆ. ಬೇಗ ಬರುವ ತಳಿ ಹಾಕಿ ಜುಲೈಗೆ ಮುಂಚೆಯೇ ಕಿತ್ತರೆ ಹುಳುವಿನ ಕಾಟ, ಅಂಗಮಾರಿ ಎರಡರಿಂದಲೂ ಬಹುಮಟ್ಟಿಗೆ ಪಾರು. ನನ್ನ ಒಲವು ಕುಂಬಳದ ಕಡೆಗೆ. ಮೇ ಕೊನೆಯಲ್ಲಿ, ಇಬ್ಬನಿ ಹೆಪ್ಪುಗಟ್ಟುವ ಭಯ ಕಳೆದ ಮೇಲೆ, ಹುಲ್ಲಷ್ಟೇ ಇದ್ದ ಕಡೆಯ ಶೀಟಿಗೆ ಅಲ್ಲಲ್ಲಿ ತೂತು ಮಾಡಿ, ಆ ಗುಣಿಗೆ ಗೊಬ್ಬರ ತುಂಬಿ ಸಸಿ ನೆಟ್ಟರೆ ಮುಚ್ಚಿದ ನೆಲವೂ ಬೆಳೆ ಕೊಡುತ್ತದೆ.

ನಮ್ಮ ಬೆಳೆಗಳಲ್ಲಿ ಮೆಂತ್ಯ, ಹರಿವೆ ಹೊಸ ಮಡಿಯಲ್ಲಿ ಚೆನ್ನಾಗಿ ಬಂದವು. ಅವರೆಯ ಆಸೆಯನ್ನು ಮಾತ್ರ ಬಿಡಬೇಕು. ನಮ್ಮ ಊರಿನ ಅವರೆಗೆ ಹಗಲು ಗಿಡ್ಡವಾಗದೆ ಹೂ ಬರುವುದಿಲ್ಲ, ಇಲ್ಲಿ ಹಗಲು ಗಿಡ್ಡವಾಗುವ ಹೊತ್ತಿಗೆ ಚಳಿ ಬಂದು ಬಳ್ಳಿ ಸಾಯುತ್ತದೆ. ಅದರ ಜಾಗದಲ್ಲಿ ಅಕ್ವಾಡಲ್ಸ್ ಎಂಬ ಬ್ರಾಡ್ ಬೀನ್ಸ್ ತಳಿಯನ್ನು ನವೆಂಬರಿನಲ್ಲೇ ಬಿತ್ತಬಹುದು. ಚಳಿಗಾಲವನ್ನು ನೆಲದಲ್ಲೇ ಕಳೆದು ಜೂನ್ ಹೊತ್ತಿಗೆ ಕಾಯಿ ಬಿಡುತ್ತದೆ. ಕಾಳನ್ನು ನೆನೆಸಿ ಸಿಪ್ಪೆ ಹಿತುಕಿ ಸಾರು ಮಾಡಿದರೆ ಹಿತಕಿದ ಬೇಳೆಯ ನೆನಪು ತಣಿಯುವಷ್ಟು ರುಚಿ ಇರುತ್ತದೆ.

ಮುಚ್ಚಿಟ್ಟ ನೆಲ ಕೆಲವೊಮ್ಮೆ ತಪಾಸಣೆಗೆ ಬರುವವರ ಕಣ್ಣಿಗೆ ಪಾಳು ಎಂದೇ ಕಾಣುತ್ತದೆ. ಇಷ್ಟು ತಿಂಗಳಲ್ಲಿ ಇಷ್ಟು ಭಾಗ ಸಾಗುವಳಿಯಾಗಬೇಕು ಎಂಬ ಷರತ್ತು ಬಹಳಷ್ಟು ಕರಾರುಗಳಲ್ಲಿ ಇರುತ್ತದೆ, ಮೀರಿದರೆ ನೋಟಿಸ್ ಬರುತ್ತದೆ. ಆದ್ದರಿಂದ ಕೀಲಿ ಕೈಗೆ ಬಂದ ದಿನವೇ ನಾಲ್ಕೂ ಮೂಲೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಭಾಗವನ್ನು ಯಾವ ಕಳೆಗಾಗಿ ಎಷ್ಟು ಕಾಲ ಮುಚ್ಚಿಡುತ್ತೀರಿ ಎಂದು ಸೈಟಿನ ಕಾರ್ಯದರ್ಶಿಗೆ ಬರೆದು ಕೊಡಿ. ಇನ್ನೂ ಕಾಯುವ ಪಟ್ಟಿಯಲ್ಲಿರುವವರು, ಒಬ್ಬರೇ ದುಡಿಯುವವರಾದರೆ, ಅರ್ಧ ಪ್ಲಾಟು ಸಿಗುತ್ತದೆಯೇ ಎಂದು ಈಗಲೇ ಕೇಳಿ. ಅದೂ ಒಂದೂಕಾಲು ಗುಂಟೆ.